ಬಿಳಿಗಿರಿಯ ನೆಲ್ಲಿಕಾಯಿ

ಕಾರ್ತಿಕ ಮಾಸದ ಉತ್ಥಾನ ದ್ವಾದಶಿಯಂದು ತುಳಸಿಯ ಪಕ್ಕದಲ್ಲಿ ನೆಲ್ಲಿಯ ಟೊಂಗೆಯನ್ನು ನೆಟ್ಟು, ನೆಲ್ಲಿಕಾಯಿಯ ಮೇಲೆ ಬತ್ತಿಯಿಟ್ಟು ಆರತಿ ಬೆಳಗುವ ಸಂಪ್ರದಾಯ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿದೆ. ಸಂಶಯಕ್ಕೆಡೆಯಿಲ್ಲದೆ ತಿಳಿದ ಸಂಗತಿಯನ್ನು ನಮ್ಮ ಹಿರಿಯರು 'ಅಂಗೈ ನೆಲ್ಲಿ' ಎಂದೇ ಕರೆದರು. ಆದರೆ ಅಂಗೈಗೆ ಬಂದ ಆ ಕಾಯಿ ಎಲ್ಲಿಯದು, ಅದನ್ನು ಕೊಯ್ದ ಕೈ ಯಾರದು ಎಂಬುದು ಪಟ್ಟಣವಾಸಿಗಳಾದ ನಮಗೆ ಅಷ್ಟು ಸ್ಪಷ್ಟವಲ್ಲ. ಅದನ್ನು ತಿಳಿಯಬಯಸುವ ವಾಚಕರು ಒಮ್ಮೆ ಚಾಮರಾಜನಗರದ ಸೀಮೆಗೆ ಹೋಗಿ ಬರಬೇಕು.

ಮೈಸೂರಿನಿಂದ ಸುಮಾರು ೬೦ ಕಿಲೋಮೀಟರು ದೂರದ ಈ ಊರಿಗೆ ಹಿಂದೆ ಅರಿಕುಠಾರವೆಂಬ ಹೆಸರಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರೆಂಬ ಅಭಿಮಾನದಿಂದ ಅವರ ಹೆಸರನ್ನೇ ಇದಕ್ಕಿತ್ತು, ೧೮೨೬ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ೧೯೯೭ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಇದು ಹೊಸ ಜಿಲ್ಲೆಯ ಕೇಂದ್ರವಾಯಿತು. ಇಲ್ಲಿಂದ ಪಶ್ಚಿಮಕ್ಕೆ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಹೊರಟರೆ ದಾರಿಯುದ್ದಕ್ಕೂ ಅರಿಸಿನ, ಬಾಳೆಗಳ ಹೊಲಗಳು. ಮಳೆಗಾಲದಲ್ಲಿ ಸೂರ್ಯಕಾಂತಿ, ಚೆಂಡುಹೂಗಳ ಹಳದಿ ಹಾಸು. ಅದರಾಚೆಗೆ ೧೯೭೩ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದ ಕಾಡು. ಪೂರ್ವಕ್ಕೆ ತಿರುಗಿದರೆ ಬಿಳಿಗಿರಿರಂಗನ ಬೆಟ್ಟ. ನೆಲ್ಲಿಯ ಮರ ಎರಡು ಕಾಡುಗಳಲ್ಲಿಯೂ ಉಂಟು. ಆದರೆ ಮರಕ್ಕೂ ಮನುಷ್ಯನಿಗೂ ಇರುವ ನಂಟನ್ನು ಕಾಣಬೇಕಾದರೆ ಬೆಟ್ಟದ ದಾರಿಯನ್ನೇ ಹಿಡಿಯಬೇಕು.

ಕ್ಯಾತದೇವರಗುಡಿಯ ದಾರಿಯಲ್ಲಿ ಏರುತ್ತ ಹೋದಂತೆ ಕುರುಚಲು ಕಾಡು ಎಲೆಯುದುರುವ ಕಾಡಾಗಿ, ಮೇಲೆ ಹುಲ್ಲುಗಾವಲೂ ಶೋಲೆಯೂ ಆಗಿ ಮಾರ್ಪಡುತ್ತದೆ. ಬಿಳಿಯ ಬಂಡೆಯ ಅಂಚಿನಲ್ಲಿ ರಂಗನಾಥನ ಗುಡಿ. ಈ ರಂಗನು ಸೋಲಿಗರಿಗೆ ದೇವರು ಮಾತ್ರವಲ್ಲ, ಭಾವನೂ ಹೌದು. ಸೋಲಿಗರ ಹೆಣ್ಣು ಕುಸುಮಾಲೆಯನ್ನು ಅವನು ವರಿಸಿದನೆಂದು ಅವರ ಹಾಡುಗಳು ಹೇಳುತ್ತವೆ. ಹೊಸಪೋಡು, ಎರಕನಗದ್ದೆ ಮೊದಲಾದ ಪೋಡುಗಳಲ್ಲಿ ಇಂದು ನೆಲೆಸಿರುವ ಈ ಜನರು ತಲೆತಲಾಂತರದಿಂದ ಜೇನು, ಅಂಟುವಾಳ, ಅಳಲೆ, ನೆಲ್ಲಿಗಳನ್ನು ಕಾಡಿನಿಂದ ತಂದು ಬದುಕಿದವರು.

ಈ ಬೆಟ್ಟದಲ್ಲಿ ನೆಲ್ಲಿಯ ಜಾತಿಗಳು ಎರಡು. ಒಂದು ದೇಶದಲ್ಲೆಲ್ಲ ಕಾಣುವ ಬೆಟ್ಟದ ನೆಲ್ಲಿ. ಇನ್ನೊಂದು ದಕ್ಷಿಣದ ಒಣಕಾಡುಗಳಿಗಷ್ಟೇ ಸೀಮಿತವಾದ, ಕಾಯಿ ಕೊಂಚ ದಪ್ಪವಾದ ಬಗೆ. ಚಳಿಗಾಲದಲ್ಲಿ ಕಾಯಿ ಬಲಿಯುತ್ತದೆ. ಅದರ ಮೈಮೇಲೆ ಆರು ಗೆರೆಗಳು. ಒಳಗಿನ ಗಟ್ಟಿ ಓಟೆಯಲ್ಲಿ ಮೂರು ಕೋಣೆಗಳು, ಕೋಣೆಗೆರಡರಂತೆ ಆರು ಬೀಜಗಳು. ನೆಲಕ್ಕುದುರಿದ ಕಾಯನ್ನು ಜಿಂಕೆಗಳು ನುಂಗಿ, ಮೆಲುಕು ಹಾಕುವಾಗ ಓಟೆಯನ್ನು ಬೇರೆಡೆ ಉಗುಳುತ್ತವೆ. ಬಿಸಿಲಿಗೆ ಓಟೆ ಬಿರಿದು ಬೀಜ ಹೊರಬೀಳುತ್ತದೆ. ಆದುದರಿಂದ ಕಾಯನ್ನೆಲ್ಲ ಕೊಯ್ಯದೆ ಒಂದಿಷ್ಟನ್ನು ಕಾಡಿಗೇ ಬಿಡುವುದು ಉದಾರತೆಯಷ್ಟೇ ಅಲ್ಲ. ನಾಳಿನ ಮರಕ್ಕೆ ಇಟ್ಟ ಮೂಲಧನ.

ಇನ್ನು ಕಾಯಿಯ ಗುಣದ ಮಾತು. ಅಳಲೆ, ತಾರೆ, ನೆಲ್ಲಿ ಸೇರಿದರೆ ಆಯುರ್ವೇದದ ತ್ರಿಫಲ. ಮೂರೂ ಈ ಬೆಟ್ಟದಲ್ಲಿಯೇ ಬೆಳೆಯುತ್ತವೆ. ಚ್ಯವನಪ್ರಾಶಕ್ಕಂತೂ ನೆಲ್ಲಿಯೇ ಆಧಾರ. ನೆಲ್ಲಿಯಲ್ಲಿರುವ 'ಸಿ' ಜೀವಸತ್ವ ಕಿತ್ತಳೆಯಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಈ ಜೀವಸತ್ವದ ಕೊರತೆಯಾದರೆ ವಸಡಿನಲ್ಲಿ ರಕ್ತ ಒಸರುತ್ತದೆ, ಗಾಯ ಬೇಗ ಮಾಯುವುದಿಲ್ಲ. ಕಾಯಿಸಿದರೆ, ಒಣಗಿಸಿದರೆ ಬೇಗನೆ ನಾಶವಾಗುವ ಈ ಸತ್ವ ನೆಲ್ಲಿಯಲ್ಲಿ ಮಾತ್ರ ಬಹುಮಟ್ಟಿಗೆ ಉಳಿಯುವುದೇಕೆ? ಮದರಾಸಿನ ದಾಮೋದರನ್ ಮತ್ತು ನಾಯರ್ ಎಂಬ ವಿಜ್ಞಾನಿಗಳು ೧೯೩೬ರಲ್ಲಿ ಇದಕ್ಕೆ ಉತ್ತರವನ್ನು ಸೂಚಿಸಿದರು: ಕಾಯಿಯಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶವೇ ಅದನ್ನು ಕಾಪಾಡುತ್ತದೆ. ಮಕ್ಕಳು ಮುಖ ಸಿಂಡರಿಸುವ ಆ ಒಗರೇ ಕಾಯಿಯ ಕಾವಲುಗಾರ!

ಅದೇ ಒಗರಿನ ವಸ್ತುಗಳಿಗೆ ಕ್ರಿಮಿಗಳನ್ನು ತಡೆಯುವ ಶಕ್ತಿಯೂ ಉಂಟು. ನೆಲ್ಲಿಯ ಸಾರವನ್ನಿಟ್ಟ ಗಾಜಿನ ತಟ್ಟೆಯಲ್ಲಿ, ಕೀವಿಗೆ ಕಾರಣವಾಗುವ ಸ್ಟೆಫಿಲೊಕಾಕಸ್ ಮುಂತಾದ ಸೂಕ್ಷ್ಮಜೀವಿಗಳ ಬೆಳವಣಿಗೆ ಕುಗ್ಗಿದುದನ್ನು ಅನೇಕ ಪ್ರಯೋಗಶಾಲೆಗಳು ಕಂಡಿವೆ. ಟ್ಯಾನಿನ್ನು ಪ್ರೋಟೀನಿಗೆ ಅಂಟಿಕೊಳ್ಳುವುದು ಇದಕ್ಕೆ ಒಂದು ಕಾರಣ. ಆದರೆ ಗಾಜಿನ ತಟ್ಟೆ ಬೇರೆ, ಮನುಷ್ಯನ ದೇಹ ಬೇರೆ. ಹೊಟ್ಟೆಗೆ ಸೇರಿದ ಸಾರ ಮಾರ್ಪಾಡು ಹೊಂದುತ್ತದೆ. ಅದರ ಅಲ್ಪಾಂಶ ಮಾತ್ರ ರಕ್ತಕ್ಕೆ ಸೇರುತ್ತದೆ. ಜ್ವರವೋ ಕೀವುಗಾಯವೋ ಬಂದಾಗ ವೈದ್ಯರು ಬರೆದುಕೊಟ್ಟ ಔಷಧವನ್ನು ಬದಿಗಿಟ್ಟು ನೆಲ್ಲಿಯನ್ನೇ ನಂಬುವುದು ಅಪಾಯ. ದಿನದ ಊಟದಲ್ಲಿ ನೆಲ್ಲಿಯ ತಂಬುಳಿ, ಉಪ್ಪಿನಕಾಯಿ, ಚಟ್ನಿಗಳಿಗೆ ಒಂದು ಸ್ಥಾನ ಕೊಡುವುದು ಜಾಣತನ.

ಇಷ್ಟು ಗುಣವುಳ್ಳ ಕಾಯನ್ನು ತಂದುಕೊಡುವವರ ಪಾಡೇನು? ೧೯೭೪ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಸೋಲಿಗರ ಬೇಸಾಯ, ಬೇಟೆಗಳು ನಿಂತು, ಅನೇಕರು ಕಾಡಿನೊಳಗಿನ ನೆಲೆಗಳನ್ನು ಬಿಟ್ಟು ಬರಬೇಕಾಯಿತು. ಕೈಗೆ ಉಳಿದದ್ದು ಕಾಯಿ, ಜೇನುಗಳ ಸಂಗ್ರಹ. ಅದನ್ನು ಕೊಳ್ಳುತ್ತಿದ್ದುದು ಲ್ಯಾಂಪ್ಸ್ ಸಹಕಾರ ಸಂಘ. ೧೯೮೧ರಲ್ಲಿ ಡಾಕ್ಟರ್ ಸುದರ್ಶನರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ, ಬೆಂಗಳೂರಿನ ಏಟ್ರೀ ಸಂಸ್ಥೆಯೂ ಸೋಲಿಗರೊಡನೆ ಕೂಡಿ, ಈ ಸಲ ಫಸಲೆಷ್ಟು, ಕೊಯ್ಯಬಹುದಾದುದೆಷ್ಟು, ಮರಕ್ಕೆ ಬಿಡಬೇಕಾದುದೆಷ್ಟು ಎಂದು ಲೆಕ್ಕ ಹಾಕುವ ಕ್ರಮವನ್ನು ಬಳಕೆಗೆ ತಂದವು. ಟೊಂಗೆಯನ್ನು ಕಡಿದು ಕೊಯ್ದರೆ ಮರ ಸೊರಗುವುದು, ಕೈಯಿಂದ ಬಿಡಿಸಿದರೆ ಉಳಿಯುವುದು ಎಂಬ ತಿಳಿವಳಿಕೆ ಹೀಗೆ ಬಲವಾಯಿತು.

ನೆಲ್ಲಿಗೆ ಇನ್ನೊಂದು ಶತ್ರು ಉಂಟು. ಮರದ ಮೇಲೆ ಬೇರೂರಿ ಅದರ ರಸವನ್ನೇ ಹೀರುವ ಬದನಿಕೆ. ಸೋಲಿಗರು ಇದನ್ನು ಉಪ್ಪಿಲು ಎನ್ನುತ್ತಾರೆ. ಅಂಟಾದ ಇದರ ಬೀಜವನ್ನು ಹಕ್ಕಿಗಳು ಮರದಿಂದ ಮರಕ್ಕೆ ಹಬ್ಬಿಸುತ್ತವೆ. ಹಿಂದೆ ವರ್ಷದ ಆರಂಭದಲ್ಲಿ ಒಣ ಎಲೆಗೆ ಸಣ್ಣಗೆ ಇಡುತ್ತಿದ್ದ 'ತರಗು ಬೆಂಕಿ' ನಿಂತ ಮೇಲೆ ಉಪ್ಪಿಲೂ ಲಂಟಾನದ ಪೊದೆಗಳೂ ಹೆಚ್ಚಿದವೆಂದು ಸೋಲಿಗ ಹಿರಿಯರ ಮತ. ಮೊದಮೊದಲು ಕಡೆಗಣಿಸಲ್ಪಟ್ಟ ಈ ಮಾತನ್ನು ಸಂಶೋಧಕರು ಅನಂತರ ಗಂಭೀರವಾಗಿ ಪರಿಶೀಲಿಸಿ, ತಮ್ಮ ಪ್ರಬಂಧಗಳಲ್ಲಿ ದಾಖಲಿಸಿದರು.

೨೦೦೨ರಲ್ಲಿ ವನ್ಯಜೀವಿ ಕಾಯಿದೆಗೆ ಆದ ತಿದ್ದುಪಡಿಯ ಫಲವಾಗಿ, ಮುಂದಿನ ವರ್ಷಗಳಲ್ಲಿ ಮಾರಾಟಕ್ಕಾಗಿ ಕಾಯಿ ಕೊಯ್ಯುವುದಕ್ಕೇ ತಡೆ ಬಿತ್ತು. ಸಂಸಾರ ನಡೆಸುತ್ತಿದ್ದ ಆದಾಯ ಕೈತಪ್ಪಿತು. ಕೊಯ್ಯಲು ಹೋದಾಗ ಉಪ್ಪಿಲನ್ನು ಕಿತ್ತೆಸೆಯುತ್ತಿದ್ದ ಕೈಗಳೂ ಮರದಿಂದ ದೂರವಾದವು. ೨೦೦೬ರ ಅರಣ್ಯ ಹಕ್ಕು ಕಾಯಿದೆಯ ಆಧಾರದ ಮೇಲೆ ಹೋರಾಡಿದ ಸೋಲಿಗರಿಗೆ, ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದ ೨೦೧೧ರಲ್ಲಿಯೇ, ಸಮುದಾಯದ ಹಕ್ಕುಪತ್ರಗಳು ದೊರೆತವು. ಹುಲಿಯೂ ಸೋಲಿಗನೂ ಒಂದೇ ಕಾಡಿನಲ್ಲಿ ಬಾಳಬಹುದೆಂಬುದಕ್ಕೆ ಸರ್ಕಾರದ ಮುದ್ರೆ ಬಿದ್ದಂತಾಯಿತು.

ಪೇಟೆಯಲ್ಲಿ ನಾವು ಕೊಳ್ಳುವ ನಿಂಬೆಹಣ್ಣಿನಷ್ಟು ದಪ್ಪದ ನೆಲ್ಲಿ ಸಾಮಾನ್ಯವಾಗಿ ತೋಟದ್ದು. ಗೋಲಿಗಿಂತ ತುಸು ದೊಡ್ಡದಾದ, ಒಗರು ಮುಂದಾದ ಚಿಕ್ಕ ಕಾಯಿ ಕಂಡರೆ ಅದು ಕಾಡಿನದಿರಬಹುದು. ಅದನ್ನು ಕೊಳ್ಳುವಾಗ ಚೌಕಾಸಿಯನ್ನು ಕೊಂಚ ಕಡಿಮೆ ಮಾಡಿದರೆ ಒಳ್ಳೆಯದು. ತುಳಸಿಯ ಹಬ್ಬಕ್ಕೂ ದೊಡ್ಡ ಟೊಂಗೆಯನ್ನು ಬೇಡದೆ ಒಂದು ಸಣ್ಣ ಕುಡಿಯಲ್ಲಿ ತೃಪ್ತಿಪಟ್ಟರೆ ಪೂಜೆಗೆ ಕುಂದಿಲ್ಲ. ಹಿತ್ತಿಲಿದ್ದವರು ಒಂದು ಸಸಿಯನ್ನೇ ನೆಡಬಹುದು. ನೆಲ್ಲಿಗೆ ಹೆಚ್ಚಿನ ನೀರೂ ಆರೈಕೆಯೂ ಬೇಕಾಗದು.