ತೊಂಬತ್ತೊಂಬತ್ತಕ್ಕೆ ನಿಂತ ಟೈಮರ್

ಕ್ಯಾಮೆರಾಕ್ಕೊಂದು ಟೈಮರ್ ಬೇಕೆನ್ನಿಸಿದಾಗ, ಸಿಕ್ಕವುಗಳ ಪೈಕಿ ಯಾವುದರ ಪೆಟ್ಟಿಗೆಯ ಮೇಲೆ ಸೌಲಭ್ಯಗಳ ಪಟ್ಟಿ ಉದ್ದವಾಗಿತ್ತೋ ಅದನ್ನೇ ತರಿಸಿಕೊಂಡೆ. ಅದೇ ದುಡ್ಡಿಗೆ ಜಾಸ್ತಿ ಕೆಲಸ ಮಾಡುವುದು ಸಿಗುವಾಗ ಕಮ್ಮಿ ಮಾಡುವುದನ್ನು ಯಾರು ಕೊಳ್ಳುತ್ತಾರೆ? ಒಂದು ಸೆಕೆಂಡಿನಿಂದ ಹಿಡಿದು 99 ಗಂಟೆ 59 ನಿಮಿಷ 59 ಸೆಕೆಂಡಿನವರೆಗೆ ಯಾವ ಅಂತರವನ್ನಾದರೂ ಇಡಬಹುದಂತೆ. ನಾಲ್ಕು ದಿನಕ್ಕೊಮ್ಮೆ ಒಂದು ಫೋಟೊ ತೆಗೆಯುವ ಪ್ರಸಂಗ ನನ್ನ ಬಾಳಿನಲ್ಲಿ ಎಲ್ಲಿಂದ ಬರುತ್ತದೆ ಎಂದು ಆಗ ಯೋಚಿಸಲಿಲ್ಲ.

ಈ ಟೈಮರಿನ ಕೆಲಸ ಇಷ್ಟೇ: ನಾವು ಹೇಳಿದಷ್ಟು ಹೊತ್ತಿಗೊಮ್ಮೆ ನಮ್ಮ ಪರವಾಗಿ ಕ್ಯಾಮೆರಾದ ಗುಂಡಿ ಒತ್ತುತ್ತಾ ಹೋಗುವುದು. ಐದು ಸೆಕೆಂಡಿಗೊಂದರಂತೆ ಎರಡು ಗಂಟೆ ತೆಗೆದರೆ 1,440 ಫೋಟೊ. ಅವನ್ನು ಸೆಕೆಂಡಿಗೆ 25ರಂತೆ ಜೋಡಿಸಿದರೆ ಎರಡು ಗಂಟೆಯ ಮೋಡ ಒಂದು ನಿಮಿಷದೊಳಗೆ ಓಡಿಹೋಗುತ್ತದೆ. ಟೈಮ್‌ಲ್ಯಾಪ್ಸ್ ಅನ್ನುವುದು ಇದನ್ನೇ. ತುಮಕೂರಿನ ಬಟವಾಡಿಯಲ್ಲಿ ಇರುವವನಿಗೆ ಇಂಥದ್ದಕ್ಕೆ ವಸ್ತುವಿನ ಬರವಿಲ್ಲ. ಒಂದು ಕಡೆ ಬಿ.ಎಚ್. ರಸ್ತೆ, ಅದರ ಮೇಲೆ ರಾತ್ರಿಯಿಡೀ ಹರಿಯುವ ಲಾರಿ-ಬಸ್ಸಿನ ದೀಪಗಳು. ಸ್ವಲ್ಪ ಮುಂದೆ ಹೋದರೆ ಕ್ಯಾತ್ಸಂದ್ರ, ಸಿದ್ಧಗಂಗೆ. ಶಿವರಾತ್ರಿಯ ಹೊತ್ತಿಗೆ ಅಲ್ಲಿ ಸೇರುವ ದನಗಳ ಜಾತ್ರೆ. ದೇವರಾಯನದುರ್ಗದ ಮೇಲೆ ಮುಂಗಾರಿನ ಮೋಡ ಇಳಿಯುವುದು. ಇವೆಲ್ಲವನ್ನೂ ತೆಗೆಯುವ ಯೋಜನೆ ಹಾಕಿಕೊಂಡೆ. ಮೊದಲು ತೆಗೆಯಲು ಹೊರಟದ್ದು ಮಾತ್ರ ನಮ್ಮ ತಾರಸಿಯ ಕುಂಡದಲ್ಲಿದ್ದ ಬ್ರಹ್ಮಕಮಲ.

ನಾವು ಬ್ರಹ್ಮಕಮಲ ಎಂದು ಎಲೆ ನೆಟ್ಟು ಬೆಳೆಸುವ ಈ ಗಿಡ ಹಿಮಾಲಯದ್ದಲ್ಲ. ಮೆಕ್ಸಿಕೊ ಕಡೆಯ ಒಂದು ಕಳ್ಳಿಯ ಜಾತಿ. ನಾವು ನೆಡುವ ಎಲೆಯೂ ಎಲೆಯಲ್ಲ, ಚಪ್ಪಟೆಯಾದ ಕಾಂಡ. ಹಿಮಾಲಯದ ನಿಜವಾದ ಬ್ರಹ್ಮಕಮಲ ಬೇರೆಯೇ ಇದೆ. ಆದರೆ ತುಮಕೂರಿನ ಯಾವ ಮನೆಯಲ್ಲೂ ಈ ಮಾತು ಎತ್ತಬಾರದು, ಹೂವಿಗೆ ಆರತಿ ಎತ್ತುವ ಹೊತ್ತಿನಲ್ಲಂತೂ ಎತ್ತಲೇಬಾರದು. ಜೋತುಬಿದ್ದಿರುವ ಮೊಗ್ಗು ಅರಳುವ ದಿನ ಹತ್ತಿರವಾದಂತೆ ಕತ್ತು ಎತ್ತುತ್ತದೆ, ಹೊಟ್ಟೆ ಉಬ್ಬುತ್ತದೆ. ಕತ್ತಲಾದ ಮೇಲೆ ಹೊರಗಿನ ಕಂದುಗೆಂಪು ಎಸಳುಗಳು ಹಿಂದಕ್ಕೆ ಸರಿಯತೊಡಗುತ್ತವೆ. ನಡುರಾತ್ರಿಯ ಹೊತ್ತಿಗೆ ಅಂಗೈಗಿಂತ ಅಗಲದ ಬಿಳಿ ಹೂವು; ಬೆಳಗಾಗುವಷ್ಟರಲ್ಲಿ ಬಾಡಿ ತಲೆ ಕೆಳಗೆ. ನಿಶಾಚರ ಪತಂಗಗಳಿಗಾಗಿ ಮಾಡಿಕೊಂಡ ಏರ್ಪಾಡು ಅದು. ಟೈಮ್‌ಲ್ಯಾಪ್ಸಿಗೆ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ, ಎರಡನೇ ಅವಕಾಶ ಇದರಷ್ಟು ಕೊಡದ ವಸ್ತುವೂ ಇಲ್ಲ.

ಆ ಸಂಜೆ ನನ್ನ ತಯಾರಿ ಜೋರಾಗಿತ್ತು. ಸ್ಟ್ಯಾಂಡ್ ಕದಲದಂತೆ ಅದರ ಕೊಕ್ಕೆಗೆ ಇಟ್ಟಿಗೆ ತುಂಬಿದ ಚೀಲ ನೇತುಹಾಕಿದೆ. ಫೋಕಸ್ಸನ್ನು ಮ್ಯಾನುವಲ್‌ಗೆ ತಂದು ರಿಂಗಿಗೆ ಟೇಪು ಸುತ್ತಿದೆ. ಬಣ್ಣ, ಬೆಳಕು ಎಲ್ಲ ಕೈಯಲ್ಲೇ ಹೊಂದಿಸಿದೆ. ಟೈಮರಿನಲ್ಲಿ ಇಪ್ಪತ್ತು ಸೆಕೆಂಡಿನ ಅಂತರ ಇಟ್ಟೆ. ಕಟಕ್ ಕಟಕ್ ಎಂದು ಶಟರ್ ಬೀಳುವುದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡೆ. ಅಷ್ಟರಲ್ಲಿ ಅಕ್ಕಪಕ್ಕದವರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಪಕ್ಕದ ಮನೆಯ ಅಜ್ಜಿ ಒಂದು ಕೈ ಮಂಡಿಯ ಮೇಲಿಟ್ಟುಕೊಂಡೇ ಕ್ಯಾಮೆರಾ ನೋಡಿ, “ಏನಪ್ಪಾ, ಹೂವ ಕಾಯಕ್ಕೆ ಯಂತ್ರ ಬೇರೆ ಇಟ್ಟಿದ್ದೀಯ?” ಎಂದರು. “ಹ್ಞೂಂ ಅಜ್ಜಿ, ನಾವು ಮಾತಾಡ್ತಾ ಕೂತ್ರೂ ಅದು ನೋಡ್ಕೋತದೆ” ಎಂದೆ. ಟೈಮರಿನ ಬೀಪ್ ಸದ್ದು ಬಂದವರಿಗೆ ಕಿರಿಕಿರಿ ಎಂದು ಅದನ್ನು ನಿಲ್ಲಿಸಿ, ಕಾಫಿಗೆ ನೀರಿಡಿಸಲು ಕೆಳಗೆ ಹೋದೆ.

ಆ ಟೈಮರಿಗೆ ನಾಲ್ಕು ಲೆಕ್ಕ ಕೊಡಬೇಕು. ಶುರುವಾಗುವ ಮುಂಚೆ ಎಷ್ಟು ಕಾಯಬೇಕು, ಶಟರನ್ನು ಎಷ್ಟು ಹೊತ್ತು ತೆರೆದಿಡಬೇಕು, ಎಷ್ಟು ಹೊತ್ತಿಗೊಮ್ಮೆ ಒತ್ತಬೇಕು, ಒಟ್ಟು ಎಷ್ಟು ಫೋಟೊ. ಬಾಣದ ಗುಂಡಿ ಒತ್ತುತ್ತಾ ಹೋದಂತೆ ಪರದೆಯ ಮೇಲೆ ಒಂದೊಂದೇ ಬರುತ್ತದೆ. ಒಂದು ಕಾಣುವಾಗ ಉಳಿದ ಮೂರು ಕಾಣುವುದಿಲ್ಲ. ಕೊನೆಯದರ ಹೆಸರಂತೂ ಬರೀ ‘ಎನ್’. ಮಧ್ಯಾಹ್ನ ಊಟದ ಮೇಜಿನ ಮೇಲೆ ಆಟವಾಡುವಾಗ ಆ ‘ಎನ್’ ಜಾಗದಲ್ಲಿ 99 ಇಟ್ಟಿದ್ದೆ. ಕೊನೆಯ ಸಲ ಇಟ್ಟದ್ದನ್ನು ತಾನೇ ನೆನಪಿಟ್ಟುಕೊಳ್ಳುವುದೂ ಪೆಟ್ಟಿಗೆಯ ಪಟ್ಟಿಯಲ್ಲಿದ್ದ ಸೌಲಭ್ಯವೇ. ಅದು ನೆನಪಿಟ್ಟುಕೊಂಡಿತ್ತು, ನಾನು ಮರೆತಿದ್ದೆ.

ಇಪ್ಪತ್ತು ಸೆಕೆಂಡಿಗೊಂದರಂತೆ ತೊಂಬತ್ತೊಂಬತ್ತು ಫೋಟೊ ಎಂದರೆ ಮೂವತ್ಮೂರು ನಿಮಿಷ. ಹೂವು ಪೂರ್ತಿ ಅರಳಲು ಗಂಟೆಗಟ್ಟಲೆ ಬೇಕು. ನಾನು ಕಾಫಿ ಹಂಚಿ, ಬಂದವರ ಮಕ್ಕಳ ಓದು ವಿಚಾರಿಸಿಕೊಂಡು ಆರಾಮಾಗಿ ಇದ್ದಾಗ ಟೈಮರ್ ತನ್ನ ಕೆಲಸ ಮುಗಿಸಿ ಸುಮ್ಮನೆ ಕೂತಿತ್ತು. ಕೆಂಪು ದೀಪವಿಲ್ಲ, ಸದ್ದಿಲ್ಲ. ಸದ್ದನ್ನು ನಾನೇ ಅಡಗಿಸಿದ್ದೆನಲ್ಲ. ಎಲ್ಲರೂ ಹೋದ ಮೇಲೆ ನೋಡಿದರೆ ಕೈಗೆ ಬಂದದ್ದು ನಾಲ್ಕು ಸೆಕೆಂಡಿನ ವಿಡಿಯೊ. ಮೊಗ್ಗು ಇನ್ನೇನು ತುಟಿ ಬಿಚ್ಚಬೇಕು, ಮುಗಿಯಿತು.

ಮರ್ಯಾದೆ ಹೋದದ್ದು ಅದಾದ ಮೇಲೆ. ನಾದಿನಿಯ ಮಗಳು, ಎಂಜಿನಿಯರಿಂಗ್ ಓದುವವಳು, ತನ್ನ ಮೊಬೈಲನ್ನು ಪಕ್ಕದ ತುಳಸಿ ಕುಂಡಕ್ಕೆ ಆನಿಸಿಟ್ಟು ಹರಟೆಯಲ್ಲಿ ಕೂತಿದ್ದಳು. “ದೊಡ್ಡಪ್ಪ, ನಂದ್ರಲ್ಲಿ ಪೂರ್ತಿ ಬಂದಿದೆ, ಕಳಿಸ್ಲಾ?” ಅಂದಳು. ಬೇಡ ಅನ್ನುವ ಧೈರ್ಯವಾಗಲಿಲ್ಲ.

ಅವಳದು ಐಫೋನ್. ಅದರಲ್ಲಿ 2014ರಿಂದಲೂ ಟೈಮ್‌ಲ್ಯಾಪ್ಸ್ ಇದೆ, ಅದು ನಮ್ಮನ್ನು ಏನೂ ಕೇಳುವುದಿಲ್ಲ. ಮೊದಲ ಹತ್ತು ನಿಮಿಷ ಸೆಕೆಂಡಿಗೆ ಎರಡು ಚಿತ್ರ ತೆಗೆಯುತ್ತದೆ. ಹತ್ತು ನಿಮಿಷ ದಾಟಿತೋ, ತೆಗೆದ ಚಿತ್ರಗಳಲ್ಲಿ ಒಂದು ಬಿಟ್ಟು ಒಂದನ್ನು ಕೈಬಿಟ್ಟು ಅಂತರವನ್ನು ಎರಡರಷ್ಟು ಮಾಡಿಕೊಳ್ಳುತ್ತದೆ. ಇಪ್ಪತ್ತು ದಾಟಿದರೆ ಮತ್ತೆ ಎರಡರಷ್ಟು. ಹೀಗೆ ಎಷ್ಟು ಹೊತ್ತು ಇಟ್ಟರೂ ಕೊನೆಗೆ ಸಿಗುವುದು ಇಪ್ಪತ್ತರಿಂದ ನಲವತ್ತು ಸೆಕೆಂಡಿನ ವಿಡಿಯೊ. ಹೂವು ಎಷ್ಟು ಹೊತ್ತಿಗೆ ಅರಳುತ್ತದೋ ಗೊತ್ತಿಲ್ಲದವರಿಗೆ ಇದಕ್ಕಿಂತ ಜಾಣ ಉಪಾಯ ಬೇರೆ ಬೇಕೆ? ಕತ್ತಲಲ್ಲಿ ಅದರ ಚಿತ್ರ ಮರಳು ಮರಳಾಗಿತ್ತು, ಬಿಳಿ ಎಸಳಿನ ಮೇಲಿನ ನೆರಿಗೆಗಳೆಲ್ಲ ಕಲಸಿಹೋಗಿದ್ದವು. ಅದನ್ನು ಎತ್ತಿ ಆಡಿ ಸಮಾಧಾನಪಟ್ಟುಕೊಂಡೆ. ಆದರೂ ಅವಳ ಹೂವು ಅರಳಿತ್ತು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಬಂದದ್ದು ಅರ್ಧ. ‘ಎನ್’ ಜಾಗದಲ್ಲಿ ಎರಡು ಅಡ್ಡಗೆರೆ ಬರುವಂತೆ ಇಟ್ಟರೆ ನಿಲ್ಲದೆ ತೆಗೆಯುತ್ತದೆ ಎಂದು ಕಲಿತೆ, ಇನ್ನು ತಪ್ಪುವುದಿಲ್ಲ ಅಂದುಕೊಂಡೆ.

ಅದೇ ವರ್ಷ, 2023ರ ಡಿಸೆಂಬರ್ 14ರ ರಾತ್ರಿ ಜೆಮಿನಿಡ್ ಉಲ್ಕಾವೃಷ್ಟಿ. ಕಾರ್ತಿಕದ ಅಮಾವಾಸ್ಯೆ ಕಳೆದು ಎರಡೇ ದಿನ, ಚಂದ್ರ ಬೇಗ ಮುಳುಗಿಬಿಡುತ್ತಾನೆ. ಬಟವಾಡಿಯ ಬೆಳಕಿನಲ್ಲಿ ನಕ್ಷತ್ರ ಎಣಿಸುವುದು ಕಷ್ಟ. ಗುಬ್ಬಿ ಕಡೆ ಬೀಗರ ತೆಂಗಿನ ತೋಟವಿದೆ, ಅಲ್ಲಿಗೆ ಹೋದೆ. ನಮ್ಮ ಈ ಭಾಗದಲ್ಲಿ ಧ್ರುವನಕ್ಷತ್ರ ದಿಗಂತದಿಂದ ಹದಿಮೂರು ಡಿಗ್ರಿಯಷ್ಟೇ ಮೇಲಿರುತ್ತದೆ, ತೋಟದೊಳಗೆ ನಿಂತರೆ ಗರಿಗಳ ಮರೆಗೇ ಹೋಗಿಬಿಡುತ್ತದೆ. ಗರಿಗಳ ಸಂದಿನಿಂದ ಅದರ ಸುತ್ತ ನಕ್ಷತ್ರಗಳು ಎಳೆಯುವ ಗೆರೆಗಳನ್ನೂ, ನಡುವೆ ಬಿದ್ದರೆ ಉಲ್ಕೆಗಳನ್ನೂ ಹಿಡಿಯುವುದು ಲೆಕ್ಕಾಚಾರ. ಕ್ಯಾಮೆರಾದಲ್ಲಿ ಮೂವತ್ತು ಸೆಕೆಂಡಿನ ಎಕ್ಸ್‌ಪೋಷರ್. ಟೈಮರಿನಲ್ಲಿ ಮೂವತ್ತೊಂದು ಸೆಕೆಂಡಿನ ಅಂತರ. ಒಂದು ಸೆಕೆಂಡು ಬಿಡುವು ಕೊಟ್ಟೆನಲ್ಲ, ಸಾಲದೇ?

ಸಾಲದು. ಕ್ಯಾಮೆರಾದ ಮೇಲೆ 30 ಎಂದು ಬರೆದಿರುವುದು ನಿಜವಾಗಿ 32 ಸೆಕೆಂಡು. ಶಟರಿನ ವೇಗ ಒಂದರಿಂದ ಎರಡು, ಎರಡರಿಂದ ನಾಲ್ಕು, ಎಂಟು, ಹದಿನಾರು, ಮೂವತ್ತೆರಡು ಎಂದು ಇಮ್ಮಡಿಸುತ್ತಾ ಹೋಗುತ್ತದೆ. ಹೇಳಲು ಚೆನ್ನಾಗಿರಲಿ ಎಂದು ಹದಿನಾರನ್ನು 15 ಎಂದೂ ಮೂವತ್ತೆರಡನ್ನು 30 ಎಂದೂ ಗುರುತು ಹಾಕುತ್ತಾರೆ. ಟೈಮರ್ ಮೂವತ್ತೊಂದನೇ ಸೆಕೆಂಡಿಗೆ ಗುಂಡಿ ಒತ್ತಿದಾಗ ಕ್ಯಾಮೆರಾ ಇನ್ನೂ ಕಣ್ಣು ಮುಚ್ಚಿರಲಿಲ್ಲ. ಆ ಒತ್ತು ವ್ಯರ್ಥ. ಮುಂದಿನದು ಅರವತ್ತೆರಡನೇ ಸೆಕೆಂಡಿಗೆ. ಹೀಗೆ ಮೂವತ್ತೆರಡು ಸೆಕೆಂಡು ನೋಡುವುದು, ಮೂವತ್ತು ಸೆಕೆಂಡು ಸುಮ್ಮನಿರುವುದು. ತೋಟದ ಯಜಮಾನರು ಕಂಬಳಿ ಹೊದ್ದು ನನ್ನ ಜೊತೆ ಕೂತಿದ್ದರು. “ಅಗೋ ಅಗೋ, ಬಿತ್ತು ನೋಡ್ರಿ ಒಂದು, ಎಂಥಾದ್ದು!” ಎಂದು ಎದ್ದೇ ನಿಂತರು. ಈಶಾನ್ಯದಿಂದ ಹೊರಟು ಇಡೀ ಆಕಾಶ ಸೀಳಿದಂಥ ಉಲ್ಕೆ. ಅದು ಬಿದ್ದದ್ದು ಸುಮ್ಮನಿರುವ ಪಾಳಿಯಲ್ಲಿ. ನಕ್ಷತ್ರದ ಗೆರೆಗಳೂ ಉದ್ದಕ್ಕೆ ಬರದೆ, ಹರಿದ ಹೊಲಿಗೆಯ ಹಾಗೆ ತುಂಡು ತುಂಡಾಗಿ ಬಂದವು. ಮನೆಯ ಮೇಜಿನ ಮೇಲೆ ಐದು ನಿಮಿಷ ಗಡಿಯಾರ ಇಟ್ಟುಕೊಂಡು ಕೂತಿದ್ದರೂ ಇದು ಗೊತ್ತಾಗುತ್ತಿತ್ತು. ಅಂತರವನ್ನು ಶಟರ್ ತೆರೆದಲ್ಲಿಂದ ಎಣಿಸುವ ಟೈಮರ್‌ಗಳಿವೆ, ಮುಚ್ಚಿದಲ್ಲಿಂದ ಎಣಿಸುವವೂ ಇವೆ. ನನ್ನದು ಯಾವ ಬಗೆಯದೆಂದು ಅದರ ಜೊತೆ ಬಂದ, ಸಾಸಿವೆ ಕಾಳಿನಂಥ ಅಕ್ಷರದ ಹಾಳೆ ಹೇಳಿರಲಿಲ್ಲ.

ಟೈಮರ್ ಕೈಕೊಡುವುದು ನನಗೊಬ್ಬನಿಗೇ ಅಲ್ಲ. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಎಂಜಿನಿಯರ್ ದೋರ್ಜೆ ಅಂಗ್ಚುಕ್ 2025ರಲ್ಲಿ ಒಂದು ಟೈಮ್‌ಲ್ಯಾಪ್ಸ್ ಹೊರತಂದರು. ಅದರಲ್ಲಿ ಆಕಾಶ ನಿಂತೇ ಇರುತ್ತದೆ, ಇಪ್ಪತ್ನಾಲ್ಕು ಗಂಟೆಯಲ್ಲಿ ನೆಲವೇ ಒಂದು ಸುತ್ತು ಹೊರಳುತ್ತದೆ. ಭೂಮಿ ತಿರುಗುತ್ತದೆ ಎಂದು ಪಾಠ ಮಾಡಬೇಕಾದ ಮೇಷ್ಟ್ರುಗಳೆಲ್ಲ ತೋರಿಸಬೇಕಾದ್ದು. ಅದು ಕೈಗೂಡುವ ಮುಂಚೆ ಕೊರೆಯುವ ಚಳಿಯಲ್ಲಿ ಬ್ಯಾಟರಿ, ಟೈಮರ್ ಎಲ್ಲ ಅವರಿಗೂ ಕೈಕೊಟ್ಟಿದ್ದವು. ಅದನ್ನು ಓದಿ ಒಳಗೊಳಗೇ ಒಂದಿಷ್ಟು ನಿರಾಳವಾಯಿತು ಅನ್ನುವುದನ್ನು ಮುಚ್ಚಿಡಲಾರೆ. ಅವರು ಎದುರಿಸಿದ್ದು ಹಾನ್ಲೆಯ ಚಳಿಯನ್ನು, ನಾನು ಗುಬ್ಬಿಯ ಇಬ್ಬನಿಯನ್ನು ಎಂಬುದು ಬೇರೆ ಮಾತು.

ನಮ್ಮೂರಿನ ಎಂ.ಜಿ. ರಸ್ತೆಯ ಕಡೆ ನನಗೆ ಪರಿಚಯದ ಸ್ಟುಡಿಯೊದವರೊಬ್ಬರಿದ್ದಾರೆ, ಮದುವೆ ಫೋಟೊ ತೆಗೆದೇ ಕೂದಲು ನೆರೆತವರು. ನನ್ನ ಕಥೆ ಕೇಳಿ ನಗಲಿಲ್ಲ. ಟೈಮರನ್ನು ನನ್ನ ಕೈಗೇ ಕೊಟ್ಟು, “ಕಣ್ಣು ಮುಚ್ಕೊಂಡು ಹತ್ತು ಸೆಕೆಂಡ್ ಇಡಿ ಸಾರ್” ಎಂದರು. ಹೆಬ್ಬೆರಳು ತಡಕಾಡಿತು. ಎಲ್ಲ ಗುಂಡಿಯೂ ಒಂದೇ ಗಾತ್ರ, ಒಂದೇ ನುಣುಪು. ಕಣ್ಣು ಬಿಟ್ಟಾಗ ಪರದೆಯ ಮೇಲೆ ಹತ್ತು ನಿಮಿಷ ಇತ್ತು. “ನೋಡ್ದೆ ಒತ್ತಕ್ಕಾಗ್ಬೇಕು ಸಾರ್. ಇಲ್ಲಾಂದ್ರೆ ಅದು ಅಂಗಡೀಲಿ ಮಾತ್ರ ಸುಲಭ.”

ಈಗ ಯಾರಾದರೂ ಯಾವ ಟೈಮರ್ ಒಳ್ಳೆಯದು ಎಂದು ಕೇಳಿದರೆ ನಾನು ಗುಂಡಿ ಎಣಿಸುವುದಿಲ್ಲ. ಓಡುತ್ತಿರುವಾಗ ಇನ್ನೆಷ್ಟು ಫೋಟೊ ಬಾಕಿ ಎಂದು ಪರದೆಯ ಮೇಲೆ ಕಾಣಬೇಕು. ಕೆಲಸ ಮುಗಿದು ನಿಂತರೂ, ಒತ್ತಿದ್ದು ಕ್ಯಾಮೆರಾಕ್ಕೆ ಮುಟ್ಟದಿದ್ದರೂ ಅದು ಹೇಗಾದರೂ ನಮಗೆ ತಿಳಿಸಬೇಕು. ತಪ್ಪಾದದ್ದು ತಕ್ಷಣ ಗೊತ್ತಾಗುವಂಥದ್ದೇ ನನ್ನ ಪಾಲಿಗೆ ಸುಲಭದ್ದು. ಮೊಬೈಲಿನ ಆ್ಯಪ್ ಮೂಲಕ ನಡೆಸುವವೂ ಬಂದಿವೆ. ಅವುಗಳ ಪರದೆ ದೊಡ್ಡದು, ನಾಲ್ಕು ಲೆಕ್ಕವೂ ಒಟ್ಟಿಗೆ ಕಾಣುತ್ತವೆ. ಆದರೆ ತೋಟದ ಕತ್ತಲಲ್ಲಿ ಮೊಬೈಲ್ ತೆರೆದರೆ ಕತ್ತಲಿಗೆ ಹೊಂದಿಕೊಂಡಿದ್ದ ಕಣ್ಣು ಮತ್ತೆ ಮಂಕಾಗುತ್ತದೆ, ರಾತ್ರಿಯಿಡೀ ಮೊಬೈಲಿಗೂ ಚಾರ್ಜು ಬೇಕು. ನನಗೆ ತಂತಿಯದೇ ಹಿತ. ತಂತಿಯ ತುದಿಯ ಪಿನ್ನನ್ನು ಮಾತ್ರ ಕೊಳ್ಳುವ ಮುಂಚೆ ನೋಡಿಕೊಳ್ಳಬೇಕು. ಕ್ಯಾನನ್ 1500ಡಿಯಂಥ ಸಣ್ಣ ಕ್ಯಾಮೆರಾಗಳಿಗೆ ಇಯರ್‌ಫೋನಿನದರಂಥದೇ, ಆದರೆ ಅದಕ್ಕಿಂತ ಸಣ್ಣ ಪಿನ್ನು. ಅದೇ ಕಂಪನಿಯ 5ಡಿಯಂಥ ದೊಡ್ಡವಕ್ಕೆ ಮೂರು ಕಡ್ಡಿಯದು. ನಿಕಾನಿನದು ಮತ್ತೊಂದು ಥರ.

ಪಿನ್ನಿಗಿಂತ ಮೊದಲು ನೋಡಬೇಕಾದದ್ದು ಇನ್ನೊಂದಿದೆ. ನನ್ನದು ನಿಕಾನ್ ಡಿ5300. ಒಂದು ಭಾನುವಾರ ಬೇರೇನನ್ನೋ ಹುಡುಕುತ್ತಾ ಅದರ ಮೆನು ಇಳಿಸುತ್ತಾ ಹೋದೆ. ಅಲ್ಲಿತ್ತು: ಇಂಟರ್ವಲ್ ಟೈಮರ್ ಶೂಟಿಂಗ್. ಯಾವಾಗ ಶುರು, ಎಷ್ಟು ಅಂತರ, ಎಷ್ಟು ಸಲ ಎಂದು ಅದೇ ಕೇಳುತ್ತದೆ, ಕ್ಯಾಮೆರಾದ ಅಗಲ ಪರದೆಯ ಮೇಲೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಗಾದೆಗೆ ಇನ್ನೊಂದು ಉದಾಹರಣೆ ಬೇಕಿದ್ದರೆ ನನ್ನ ಮನೆಯ ವಿಳಾಸ ಕೊಡಬಹುದು. ಹೆಂಡತಿಗೆ ಹೇಳಲು ಒಂದೆರಡು ದಿನ ಹಿಡಿಯಿತು. “ಕ್ಯಾಮೆರಾ ಜೊತೆ ಒಂದು ಪುಸ್ತಕ ಬಂದಿತ್ತಲ್ಲ, ಅದನ್ನ ಏನ್ ಮಾಡಿದ್ರಿ?” ಎಂದು ಕೇಳಿದಳು. ಅದು ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬಂದಿರಲಿಲ್ಲ. ಎಲ್ಲ ಕ್ಯಾಮೆರಾದಲ್ಲೂ ಈ ಸೌಲಭ್ಯ ಇಲ್ಲ. ಹೇಳಿದೆನಲ್ಲ, ಆ ಕ್ಯಾನನ್ 1500ಡಿಯಲ್ಲಿ ಇಲ್ಲ. ಇದೆಯೋ ಇಲ್ಲವೋ ಎಂದು ತಿಳಿಯಲು ಪುಸ್ತಕದ ಎರಡು ಪುಟ ತಿರುಗಿಸಿದರೆ ಸಾಕಿತ್ತು.

ಈಗ ಹೆಚ್ಚಿನ ಕೆಲಸ ಕ್ಯಾಮೆರಾದ ಒಳಗಿನ ಟೈಮರಿನಲ್ಲೇ ನಡೆಯುತ್ತದೆ. ಮೂವತ್ತು ಸೆಕೆಂಡಿನ ಎಕ್ಸ್‌ಪೋಷರ್ ಇದ್ದರೆ ಅಂತರ ಮೂವತ್ಮೂರು. ಉದ್ದ ಎಕ್ಸ್‌ಪೋಷರಿನ ನಾಯ್ಸ್ ಕಡಿಮೆ ಮಾಡುವ ಸೌಲಭ್ಯವನ್ನು ಮುಚ್ಚಿಡುತ್ತೇನೆ. ತೆರೆದಿಟ್ಟರೆ ಪ್ರತಿ ಫೋಟೊದ ಹಿಂದೆ ಅಷ್ಟೇ ಹೊತ್ತಿನ ಕತ್ತಲ ಫೋಟೊ ಒಂದನ್ನು ತೆಗೆದು ಮತ್ತೆ ಗೆರೆಗಳನ್ನು ತುಂಡರಿಸುತ್ತದೆ. ಮೂವತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಶಟರ್ ತೆರೆದಿಡಬೇಕಾದಾಗ ಮಾತ್ರ ಕ್ಯಾಮೆರಾ ಕೈಚೆಲ್ಲುತ್ತದೆ, ಆಗ ಹಳೆಯ ಟೈಮರೇ ಬೇಕು. ಅದಕ್ಕೆಂದೇ ಅದನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಸೆಲ್ ಮಾತ್ರ ತೆಗೆದು. ಅಷ್ಟು ಸೌಲಭ್ಯಗಳ ನಡುವೆ ಆಫ್ ಮಾಡುವ ಗುಂಡಿಯೊಂದನ್ನು ಕೊಟ್ಟಿಲ್ಲ ಅದಕ್ಕೆ.