ನೆಲ ಹೊತ್ತ ಭಾರ

ಭದ್ರಾ ಅಚ್ಚುಕಟ್ಟಿನ ಊರುಗಳಲ್ಲಿ ಮಳೆಗಾಲ ಹಿಡಿದರೆ ಮಾತೆಲ್ಲ ಅಡಿಯ ಲೆಕ್ಕದಲ್ಲೇ. ತ್ಯಾವಣಿಗೆಯ ಹೋಟೆಲಿನಲ್ಲಿ ಚಾ ಕುಡಿಯುತ್ತ ಕೂತರೆ, “ಡ್ಯಾಮು ಎಷ್ಟಡಿ ಆತಂತಪ್ಪಾ?” ಎಂಬುದು ಕಿವಿಗೆ ಬಿದ್ದೇ ಬೀಳುತ್ತದೆ. 186 ಅಡಿ ಮುಟ್ಟಿತೆಂದರೆ ಬೇಸಿಗೆ ಭತ್ತಕ್ಕೂ ಧೈರ್ಯ. ಒಮ್ಮೆ ಪಕ್ಕದಲ್ಲಿದ್ದ ಹಿರಿಯರೊಬ್ಬರು, “ಅಷ್ಟು ನೀರು ಒಂದೇ ಕಡೆ ನಿಂತ್ರೆ ಕೆಳಗಿನ ನೆಲ ಸುಮ್ನಿರ್ತತೇನಪ್ಪಾ?” ಎಂದು ಕೇಳಿದರು. ಆ ಪ್ರಶ್ನೆ ನನ್ನನ್ನು ಬಹಳ ದೂರ ಎಳೆದುಕೊಂಡು ಹೋಯಿತು.

ತುಂಬಿದ ಭದ್ರೆಯಲ್ಲಿ 71.5 ಟಿಎಂಸಿ ನೀರು. ತೂಕಕ್ಕೆ ಇಳಿಸಿದರೆ ಸುಮಾರು 200 ಕೋಟಿ ಟನ್. ಡ್ಯಾಮು ಇರುವ ಲಕ್ಕವಳ್ಳಿಯ ನೆಲ ಅದನ್ನು ಸದ್ದಿಲ್ಲದೆ ಹೊತ್ತಿದೆ. ಎಲ್ಲ ಕಡೆಯೂ ಹೀಗೇ ಅನ್ನುವಂತಿಲ್ಲ. ಮಹಾರಾಷ್ಟ್ರದ ಕೊಯ್ನಾ ಜಲಾಶಯ ತುಂಬತೊಡಗಿದ ಕೆಲವೇ ವರ್ಷಗಳಲ್ಲಿ, 1967ರ ಡಿಸೆಂಬರ್ 11ರ ನಸುಕಿನಲ್ಲಿ ದೊಡ್ಡ ಭೂಕಂಪವಾಯಿತು. ಸುಮಾರು 180 ಜನ ಸತ್ತರು. ನೀರಿನ ಭಾರವೊಂದೇ ಕಾರಣವಲ್ಲ. ಆಳದ ಬಿರುಕಿಗೆ ನೀರು ಇಳಿದು ಒತ್ತಡ ಏರಿತು, ಮೊದಲೇ ಬಿಗಿದು ನಿಂತಿದ್ದ ಸ್ತರಭಂಗ, ಅಂದರೆ ಶಿಲೆಯ ಸೀಳು, ಜಾರಿತು. ಅಲ್ಲಿ ಸಣ್ಣಪುಟ್ಟ ಕಂಪನ ಆಮೇಲೂ ನಿಂತಿಲ್ಲ.

ಇದು ಭಾರ ಹೇರಿದ ಕಥೆ. ಇಳಿಸಿದ ಕಥೆ ನನಗೆ ಇನ್ನೂ ಬೆರಗಿನದು.

ನಮ್ಮ ಸೂಳೆಕೆರೆ 27 ಅಡಿ ತುಂಬಿದಾಗ ಆಳವಿರುವ ಕಡೆ ಒಂದೊಂದು ಚದರ ಮೀಟರ್ ನೆಲದ ಮೇಲೆ ಎಂಟು ಟನ್ ಭಾರ. ಸುಮಾರು 20 ಸಾವಿರ ವರ್ಷಗಳ ಹಿಂದೆ ಸ್ವೀಡನ್, ಫಿನ್ಲೆಂಡ್‌ಗಳ ಮೇಲೆ ಹೆಚ್ಚುಕಡಿಮೆ ಮೂರು ಕಿಲೋಮೀಟರ್ ದಪ್ಪದ ಹಿಮದ ಹಾಸಿತ್ತು. ಅಲ್ಲಿ ಅದೇ ಒಂದು ಚದರ ಮೀಟರಿಗೆ ಎರಡೂವರೆ ಸಾವಿರ ಟನ್ನಿಗೂ ಮೇಲೆ! ಭೂಮಿಯ ತೊಗಟೆ ತಗ್ಗಿತು, ಅದರಡಿಯ ಬಿಸಿ ಶಿಲೆ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಅಷ್ಟು ಕಾಲವೂ ಅಕ್ಕಪಕ್ಕದ ಒತ್ತಡ ಸೇರುತ್ತಲೇ ಇತ್ತು. ಮೇಲಿನ ಭಾರ ಬಿರುಕುಗಳನ್ನು ಅಮುಕಿ ಹಿಡಿದಿತ್ತು. ಭತ್ತದ ಚೀಲ ಒಟ್ಟಿದ ಕಡೆ ನೋಡಿ: ಅಡಿಯ ಚೀಲ ಎಷ್ಟು ಎಳೆದರೂ ಅಲುಗದು, ಮೇಲಿನವನ್ನು ಇಳಿಸಿದರೆ ಸಲೀಸಾಗಿ ಜಾರುತ್ತದೆ. ಹಿಮ ಕರಗಿದಾಗ ಆದದ್ದೂ ಅದೇ. ಸ್ವೀಡನ್ನಿನ ಉತ್ತರದ ಪಾರ್ವಿಯೆ ಸ್ತರಭಂಗ ಸುಮಾರು 150 ಕಿಲೋಮೀಟರ್ ಉದ್ದಕ್ಕೆ ಸೀಳಿಕೊಂಡಿತು. ಕೆಲವೆಡೆ ನೆಲ ಹತ್ತು ಮೀಟರ್ ಮೇಲೆದ್ದು ನಿಂತದ್ದು ಈಗಲೂ ಕಾಣುತ್ತದೆ. ಆ ಭೂಕಂಪದ ತೀವ್ರತೆ 8ರ ಸಮೀಪವಿತ್ತು ಎಂದು ಅಂದಾಜು. ಭೂಫಲಕಗಳ ಅಂಚಿನಿಂದ ಅಷ್ಟು ದೂರದ ಗಟ್ಟಿ ನೆಲದಲ್ಲಿ!

ಥರ್ಮಾಮೀಟರಿನ ಸೆಲ್ಸಿಯಸ್ ಇದ್ದಾರಲ್ಲ, ಅವರು 1731ರಲ್ಲಿ ಸ್ವೀಡನ್ನಿನ ಕಡಲಂಚಿನ ಬಂಡೆಯ ಮೇಲೆ ನೀರಿನ ಮಟ್ಟದ ಗುರುತು ಕೆತ್ತಿಸಿದರು. ಸಮುದ್ರ ಇಳಿಯುತ್ತಿದೆ ಎಂಬುದು ಅವರ ಎಣಿಕೆ. ನಿಜಕ್ಕೂ ಏಳುತ್ತಿದ್ದದ್ದು ಹಿಮದ ಭಾರ ಇಳಿದ ನೆಲ. ಆ ಗುರುತು ಈಗ ನೀರಿನಿಂದ ಆಳೆತ್ತರದಲ್ಲಿದೆ.

ಇಷ್ಟು ದೂರ ಹೋಗಲೇಬೇಕೆಂದಿಲ್ಲ. ಮುಂಗಾರಿನ ನೀರು ಗಂಗಾ ಬಯಲಿನ ಮೇಲೆ ಕೂತಾಗ ನೇಪಾಳದ ಹಿಮಾಲಯದಲ್ಲಿ ಸಣ್ಣ ಕಂಪನಗಳು ತಗ್ಗುತ್ತವೆ, ನೀರು ಇಳಿದ ಚಳಿಗಾಲದಲ್ಲಿ ಹೆಚ್ಚುತ್ತವೆ. ಅಳೆದು ಕಂಡ ಮಾತು ಇದು. ಒಂದು ಮಳೆಗಾಲದ ಭಾರಕ್ಕೇ ಬೆಟ್ಟ ಹೀಗೆ ಮಿಡಿಯುತ್ತದೆ.

ಗ್ರೀನ್‌ಲೆಂಡ್ ಈಗ ವರ್ಷಕ್ಕೆ ಸರಾಸರಿ 27 ಸಾವಿರ ಕೋಟಿ ಟನ್ ಹಿಮ ಕಳೆದುಕೊಳ್ಳುತ್ತಿದೆ. ಅಲ್ಲಿಯ ಬಂಡೆ ಏಳುತ್ತಿರುವುದನ್ನು ಜಿಪಿಎಸ್ ಅಳೆದಿದೆ. ಭದ್ರೆಯ ಲೆಕ್ಕದಲ್ಲಿ ಹೇಳುವುದಾದರೆ, ವರ್ಷ ವರ್ಷವೂ 130ಕ್ಕೂ ಹೆಚ್ಚು ತುಂಬಿದ ಭದ್ರಾ ಡ್ಯಾಮುಗಳನ್ನು ನೆಲದ ಮೇಲಿಂದ ಎತ್ತಿದ ಹಾಗೆ. ಹಿಮ ಕರಗುವುದನ್ನು ಕಡಲಿನ ಮಟ್ಟದಲ್ಲಿ ಮಾತ್ರ ಅಳೆದರೆ ಅರ್ಧ ಲೆಕ್ಕವಷ್ಟೇ. ನೆಲದ ಲೆಕ್ಕವನ್ನೂ ಈಗಿನಿಂದಲೇ ಇಡಬೇಕು.