ಶೀಗಿ ಹುಣ್ಣಿಮೆಗೆ ಮೊದಲೇ ಖಾಲಿಯಾಗುವ ಹೊಲ: ಮುರಗೋಡ ಸೀಮೆಯ ಶರತ್ಕಾಲ ಮತ್ತು ಬಾಲ್ಯ

ಬೆಳಗಾವಿಯಿಂದ ಪೂರ್ವಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿರುವ ಮುರಗೋಡವು ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗಗಳನ್ನು ಒಳಗೊಂಡ ಮಲಪ್ರಭಾ ಸೀಮೆಯ ಊರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತದಲ್ಲಿದ್ದು, ಸವದತ್ತಿ ತಾಲ್ಲೂಕಿನ ಹಳೆಯ ಹೆಸರಾದ ಪರಸಗಡದ ಲೆಕ್ಕಕ್ಕೆ ಸೇರಿದ್ದ ಈ ಊರು ಹಳ್ಳಿ ಎನ್ನಲು ದೊಡ್ಡದು, ಪಟ್ಟಣ ಎನ್ನಲು ಚಿಕ್ಕದು. ಒಂದು ಕಡೆ ಮಹಾಂತ ದುರದುಂಡೀಶ್ವರ ಮಠ, ಇನ್ನೊಂದು ಕಡೆ 1758ರಲ್ಲಿ ಇಲ್ಲಿಯೇ ಹುಟ್ಟಿದ ಸಂತ ಚಿದಂಬರ ದೀಕ್ಷಿತರ ಪರಂಪರೆ, ಇವೆರಡರ ನಡುವೆ ಸುತ್ತಲಿನ ಹಳ್ಳಿಗಳ ಜೋಳ ಮತ್ತು ಹತ್ತಿಯನ್ನು ಬರಮಾಡಿಕೊಳ್ಳುತ್ತಿದ್ದ ಪೇಟೆ, ಹೀಗೆ ಗುಡಿ, ಮಠ ಮತ್ತು ಹೊಲಗಳು ಒಂದೇ ನಡಿಗೆಯ ದೂರದಲ್ಲಿದ್ದ ಇಂಥ ಊರಿನಲ್ಲಿ ಮಕ್ಕಳ ಬಾಲ್ಯವು ಒಕ್ಕಲುತನದಿಂದ ಬೇರೆಯಾಗಿ ಇರಲಿಲ್ಲ. 1960 ಮತ್ತು 1970ರ ದಶಕಗಳಲ್ಲಿ ಅಲ್ಲಿ ಮಕ್ಕಳಾಗಿದ್ದವರು ಕಣ್ಣಾರೆ ಕಂಡು, ಕೈಯಾರೆ ಮಾಡಿದ ಕೆಲಸಗಳ ನೆನಪಿನ ಎದುರು ಇಂದಿನ ಹೊಲಗಳನ್ನು ಇಟ್ಟು ನೋಡಿದರೆ, ಒಂದು ಸೀಮೆಯ ಬೆಳೆ ಬದಲಾದಾಗ ಅದರ ಮಕ್ಕಳ ಬಾಲ್ಯವೂ ಹೇಗೆ ಬದಲಾಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಪಂಚಾಂಗದ ಪ್ರಕಾರ ಶರದೃತುವೆಂದರೆ ಆಶ್ವಯುಜ ಮತ್ತು ಕಾರ್ತಿಕ ಮಾಸಗಳು. ಒಕ್ಕಲುತನದ ಲೆಕ್ಕದಲ್ಲಿ ಅದು ಹಿಂಗಾರು, ಅಂದರೆ ನೈರುತ್ಯದ ಮಳೆ ಹಿಂದೆ ಸರಿಯುತ್ತ ಸಂಜೆಯ ಗುಡುಗು ಮಿಂಚಿನೊಡನೆ ಕೊನೆಯ ಹದಗಳನ್ನು ಕೊಟ್ಟುಹೋಗುವ ಕಾಲ. ಈ ಸೀಮೆಯ ರೈತರು ಮಳೆಯನ್ನು ಸೂರ್ಯ ಹಾದುಹೋಗುವ ನಕ್ಷತ್ರದ ಹೆಸರಿನಿಂದ ಎಣಿಸುತ್ತಾರೆ. ಒಂದೊಂದು ಮಳೆಯ ಅವಧಿ ಹದಿಮೂರು ಹದಿನಾಲ್ಕು ದಿನಗಳಾಗಿದ್ದು, ಸೆಪ್ಟೆಂಬರ್ ನಡುವಿಗೆ ಉತ್ತರಿ, ಆ ತಿಂಗಳ ಕೊನೆಗೆ ಹಸ್ತ, ಅಕ್ಟೋಬರಿನಲ್ಲಿ ಚಿತ್ತಿ ಮತ್ತು ಸ್ವಾತಿ ಬರುತ್ತವೆ. ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವ ಕಪ್ಪು ಮಣ್ಣಿನ ಎರೆ ಹೊಲಗಳಲ್ಲಿ ಉತ್ತರಿ ಮತ್ತು ಹಸ್ತದ ಹಸಿಗೆ ಬಿಳಿಜೋಳ, ಕಡಲೆ, ಗೋದಿ, ಕುಸುಬಿಗಳನ್ನು ಬಿತ್ತುತ್ತಿದ್ದರು. ಬೇಗ ಆರುವ ಕೆಂಪು ಮಿಶ್ರಿತ ಮಸಾರಿ ಹೊಲಗಳಲ್ಲಿ ಮುಂಗಾರಿನಲ್ಲಿ ಬಿತ್ತಿದ ಶೇಂಗಾ, ಸಜ್ಜೆ, ಗುರೆಳ್ಳುಗಳು ಅದೇ ಹೊತ್ತಿಗೆ ಕಾಯಿ ಕಟ್ಟಿ, ತೆನೆ ತುಂಬಿ ನಿಂತಿರುತ್ತಿದ್ದವು. ಆದ್ದರಿಂದ ಶರತ್ಕಾಲವು ಒಂದು ಹೊಲದಲ್ಲಿ ಬಿತ್ತನೆಯ ಕಾಲವೂ, ಪಕ್ಕದ ಹೊಲದಲ್ಲಿ ಕಾಯುವ ಕಾಲವೂ ಆಗಿತ್ತು.

ಈ ಎರಡು ಬಗೆಯ ಕೆಲಸದಲ್ಲಿಯೂ ಮಕ್ಕಳಿಗೆ ಗೊತ್ತಾದ ಪಾಲು ಇತ್ತು. ಎತ್ತುಗಳು ಎಳೆಯುವ ಬಿತ್ತುವ ಸಾಧನವಾದ ಕೂರಿಗೆಯ ಬಟ್ಟಲಿಗೆ ಜೋಳ ಬಿಡುವುದು ಹಿರಿಯ ಹೆಣ್ಣುಮಕ್ಕಳ ಕೈಗುಣಕ್ಕೆ ಸೇರಿದ ಕೆಲಸವಾದರೆ, ಆ ಸಾಲುಗಳ ನಡುವೆ ಅಲ್ಲಲ್ಲಿ ಹಾಕುವ ಬೇರೆ ಬೆಳೆಯಾದ ಅಕ್ಕಡಿಯ ಬೀಜವನ್ನು ಹಿಡಿದು ಹಿಂದೆ ನಡೆಯುವುದು ಹತ್ತು ಹನ್ನೆರಡು ವರ್ಷದವರಿಗೆ ಬರುತ್ತಿತ್ತು. ಸಜ್ಜೆಯ ತೆನೆ ಹಾಲು ತುಂಬಿದಾಗ ಹೊಲದ ನಡುವಿನ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವುದು, ಶೇಂಗಾ ಕಿತ್ತ ಮೇಲೆ ಮಣ್ಣಿನಲ್ಲಿ ಉಳಿದ ಕಾಯಿಗಳನ್ನು ಆರಿಸಿ ತರುವುದು, ಎತ್ತುಗಳಿಗೆ ಬದುವಿನ ಹಸಿ ಹುಲ್ಲು ಕೊಯ್ಯುವುದು ಇವೆಲ್ಲ ದಸರಾ ಮತ್ತು ದೀಪಾವಳಿಯ ಸೂಟಿಯ ಕೆಲಸಗಳು. ಕೊಯ್ಲಾದ ಹೊಲದಲ್ಲಿ ಬಿದ್ದುಳಿದುದನ್ನು ಆಯ್ದುಕೊಳ್ಳುವುದಕ್ಕೆ ಹಕ್ಕಲು ಎಂದು ಹೆಸರು. ಹಕ್ಕಲಿನ ಮೇಲೆ ಹೊಲದ ಒಡೆಯ ಹಕ್ಕು ಸಾಧಿಸುತ್ತಿರಲಿಲ್ಲವಾದ್ದರಿಂದ, ಸ್ವಂತ ಹೊಲವಿಲ್ಲದ ಮನೆಯ ಮಕ್ಕಳೂ ಆ ವಾರಗಳಲ್ಲಿ ಚೀಲ ತುಂಬ ಶೇಂಗಾ ಮನೆಗೆ ತರಬಹುದಾಗಿತ್ತು. ಕಟ್ಟಿಗೆ ಒಟ್ಟಿ ಬಳ್ಳಿಸಮೇತ ಸುಟ್ಟ ಹಸಿ ಶೇಂಗಾವನ್ನು ಬೆಲ್ಲದ ತುಣುಕಿನೊಡನೆ ಹೊಲದಲ್ಲಿಯೇ ತಿನ್ನುತ್ತಿದ್ದ ರುಚಿಯನ್ನು ಆ ತಲೆಮಾರಿನವರು ಇಂದಿಗೂ ಮೊದಲಿಗೆ ನೆನೆಯುತ್ತಾರೆ.

ಕೆಲಸದ ಈ ಸರಣಿಗೆ ಹೊಂದಿಕೊಂಡೇ ಹಬ್ಬಗಳ ಸರಣಿ ಇತ್ತು. ಭಾದ್ರಪದ ಶುದ್ಧ ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಗೆ ಸಾಯುವನೆಂದು ನಂಬುವ ಜೋಕುಮಾರನನ್ನು, ಅಂದರೆ ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಕೂರಿಸಿದ ಬಾಯಗಲಿಸಿದ ಮಣ್ಣಿನ ಮೂರ್ತಿಯನ್ನು, ಹೆಣ್ಣುಮಕ್ಕಳು ಮನೆಮನೆಗೆ ಹೊತ್ತು ತಂದು ಹಾಡುತ್ತಿದ್ದರು. ಮೂರ್ತಿಯ ತುಟಿಗೆ ಬೆಣ್ಣೆ ಹಚ್ಚಿ ಮೊರದಲ್ಲಿ ಜೋಳ ನೀಡಿದ ಮನೆಯವರು ಮರಳಿ ಪಡೆದ ನುಚ್ಚು ಮತ್ತು ಬೇವಿನೆಲೆಯನ್ನು ಅಂಬಲಿಯಲ್ಲಿ ಕಲಸಿ ಹೊಲಕ್ಕೆ ಚಿಮುಕಿಸುತ್ತಿದ್ದರು. ಮಹಾನವಮಿಯಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡದ ದೀಪಕ್ಕೆ ಎಣ್ಣೆ ಹಾಕಿ ಬರುವವರ ಚಕ್ಕಡಿಗಳು ಸಾಗುತ್ತಿದ್ದವು. ವಿಜಯದಶಮಿಯ ಸಂಜೆ ಬಂಗಾರವೆಂದು ಭಾವಿಸಿದ ಬನ್ನಿಯ ಎಲೆಗಳನ್ನು ಹಿಡಿದು ಮಕ್ಕಳು ಓಣಿಯ ಎಲ್ಲ ಹಿರಿಯರ ಕಾಲಿಗೆ ಎರಗಿ ಬರುತ್ತಿದ್ದುದರಿಂದ, ವರ್ಷವಿಡೀ ಮಾತು ಬಿಟ್ಟಿದ್ದ ಎರಡು ಮನೆಗಳ ನಡುವೆ ಮೊದಲ ಮಾತಿಗೆ ದಾರಿ ಮಾಡಿಕೊಡುವ ಹೊಣೆಯೂ ಎಷ್ಟೋ ಸಲ ಆ ಮಕ್ಕಳ ಮೇಲೆಯೇ ಬೀಳುತ್ತಿತ್ತು.

ಈ ಸರಣಿಯ ನಡುಗಂಬವೆಂದರೆ ಆಶ್ವಯುಜ ಮಾಸದ ಶೀಗಿ ಹುಣ್ಣಿಮೆ. ಕಾಯಿ ತೆನೆಗಳಿಂದ ತುಂಬಿದ ಹೊಲವನ್ನು ಬಸುರಿ ಹೆಣ್ಣೆಂದು ಭಾವಿಸಿ, ಅವಳ ಬಯಕೆ ತೀರಿಸಲೆಂದು ಅಡುಗೆಯನ್ನು ಹೊಲಕ್ಕೇ ಒಯ್ದು ಉಣಿಸುವ ಆಚರಣೆ ಇದು. ಹಿಂದಿನ ರಾತ್ರಿಯಿಡೀ ಒಲೆ ಆರದೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಹೋಳಿಗೆ, ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಗುರೆಳ್ಳು ಮತ್ತು ಶೇಂಗಾ ಹಿಂಡಿ, ಮೊಸರು ಕಲಸಿದ ಬಾನಗಳು ಸಿದ್ಧವಾಗಿ, ಬೆಳಗಾಗುತ್ತಲೇ ಕೊಂಬಿಗೆ ಬಣ್ಣ ಬಳಿದ ಎತ್ತುಗಳನ್ನು ಹೂಡಿದ ಚಕ್ಕಡಿಗಳಲ್ಲಿ ಮನೆಮಂದಿಯೆಲ್ಲ ಹೊರಡುತ್ತಿದ್ದರು. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿದ ಮೇಲೆ, ಒಬ್ಬರು ಎಲ್ಲ ಅಡುಗೆಯನ್ನೂ ಕಲಸಿದ ಚರಗವನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತ ನಡೆದರೆ ಇನ್ನೊಬ್ಬರು ತಂಬಿಗೆಯಿಂದ ನೀರು ಹಾಕುತ್ತ ಹಿಂಬಾಲಿಸುತ್ತಿದ್ದರು. ಆ ನೀರಿನ ತಂಬಿಗೆ ಸಾಮಾನ್ಯವಾಗಿ ಮನೆಯ ಹುಡುಗನೊಬ್ಬನ ಕೈಯಲ್ಲಿರುತ್ತಿತ್ತು. ಹೊಲದ ಮೇರೆ ಎಲ್ಲಿಂದ ಎಲ್ಲಿಯವರೆಗೆ, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಕಡೆ ಕರಕಿ ಹೆಚ್ಚು, ಎಲ್ಲಿ ಜೋಳ ಬಡವಾಗಿದೆ ಎಂಬುದನ್ನು ಅವನು ಯಾರೂ ಕೂಡಿಸಿ ಹೇಳಿಕೊಡದೆಯೇ ಆ ಒಂದು ಸುತ್ತಿನಲ್ಲಿ ಕಲಿಯುತ್ತಿದ್ದ. ಪೂಜೆಯ ರೂಪದಲ್ಲಿ ನಡೆಯುತ್ತಿದ್ದ ಆ ಸುತ್ತು ಹೊಲದ ವಾರ್ಷಿಕ ಪರಿಶೀಲನೆಯೂ, ಮುಂದಿನ ಒಡೆಯನಿಗೆ ಹೊಲವನ್ನು ಪರಿಚಯಿಸುವ ವಿಧಿಯೂ ಆಗಿತ್ತು.

ದೀಪಾವಳಿಗೆ ಮಕ್ಕಳ ಕೆಲಸ ಬೇರೆಯಾಗಿತ್ತು. ಬಲಿಪಾಡ್ಯದಂದು ಸೆಗಣಿಯಿಂದ ಮಾಡಿ ಹೊಸ್ತಿಲು, ಹಟ್ಟಿ, ಹಗೇವುಗಳ ಬಳಿ ಇಡುವ ಪಾಂಡವರಿಗೆ ಸಿಕ್ಕಿಸಲು ಉತ್ತರಾಣಿ ಕಡ್ಡಿ ಮತ್ತು ಹೊನ್ನಂಬರಿ ಹೂಗಳನ್ನು ಬದು, ಹಳ್ಳದ ದಂಡೆಗಳಿಂದ ಹುಡುಕಿ ತರಬೇಕಿದ್ದುದರಿಂದ, ಯಾವ ಗಿಡ ಎಲ್ಲಿ ಬೆಳೆಯುತ್ತದೆಂಬ ತಿಳಿವಳಿಕೆ ಹತ್ತು ವರ್ಷದೊಳಗೇ ಕೂಡುತ್ತಿತ್ತು. ಹಗೇವು ಎಂದರೆ ನೆಲದೊಳಗೆ ತೋಡಿ, ಹುಲ್ಲು ಹೊದಿಸಿ, ಜೋಳ ತುಂಬಿ ಬಾಯಿ ಮುಚ್ಚುವ ಕಣಜ. ಕಾರ್ತಿಕದ ಗೌರಿ ಹುಣ್ಣಿಮೆಗೆ ಹುಡುಗಿಯರು ಸಕ್ಕರೆ ಗೊಂಬೆಗಳ ಆರತಿ ಹಿಡಿದು ಗೌರಿಯನ್ನು ಬೆಳಗಲು ಹೋಗುತ್ತಿದ್ದರು. ಅದಾದ ಆರನೆಯ ದಿನ, ಕಾರ್ತಿಕ ಬಹುಳ ಷಷ್ಠಿಯಂದು ಬರುವ ಚಿದಂಬರ ಜಯಂತಿಯೊಡನೆ ಮುರಗೋಡದ ಶರತ್ಕಾಲದ ಹಬ್ಬಗಳ ಸಾಲು ಮುಗಿದು ಚಳಿ ಬಲಿಯುತ್ತಿತ್ತು.

ಈ ಬದುಕಿನ ಆಧಾರವಾಗಿದ್ದ ಬೆಳೆಗಳು ಒಮ್ಮೆಲೇ ಬದಲಾಗಲಿಲ್ಲ. ಮೊದಲ ಬದಲಾವಣೆ ಬಂದದ್ದು ಹತ್ತಿಯ ಮೂಲಕ. ಹಿಂಗಾರಿಗೆ ಮುಂಚೆ ಬಿತ್ತಿ ಬೇಸಿಗೆಯವರೆಗೆ ಬಿಡಿಸುತ್ತಿದ್ದ ಜಯಧರ ನಾಟಿ ಹತ್ತಿಯ ಜಾಗಕ್ಕೆ, ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ರೂಪಿಸಿ 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ಬಂದಿತು. 1981ರಲ್ಲಿ ಡಿಸಿಎಚ್-32 ಬಂದಿತು. ಈ ಸಂಕರ ತಳಿಗಳ ಉದ್ದ ಎಳೆಯ ಅರಳೆ ಬೈಲಹೊಂಗಲದ ಪೇಟೆಯಲ್ಲಿ ಒಳ್ಳೆಯ ಬೆಲೆ ತಂದು ಅನೇಕ ಮನೆಗಳ ಸಾಲ ತೀರಿಸಿತು, ಮಕ್ಕಳನ್ನು ಧಾರವಾಡ, ಬೆಳಗಾವಿಗಳ ಕಾಲೇಜಿಗೆ ಕಳುಹಿಸಿತು. ಆದರೆ ಸಂಕರ ಬೀಜವನ್ನು ಮನೆಯಲ್ಲಿ ಉಳಿಸಿ ಮುಂದಿನ ವರ್ಷ ಬಿತ್ತಲು ಬರುವುದಿಲ್ಲವಾದ್ದರಿಂದ, ಬೀಜ ಆರಿಸಿ, ಬೂದಿ ಸವರಿ, ಮಡಕೆಯಲ್ಲಿ ಇಡುವ ಮನೆಯ ವಿದ್ಯೆ ಆ ಬೆಳೆಯಿಂದಲೇ ಮೊದಲು ಮರೆಯಾಯಿತು. 2002ರಲ್ಲಿ ದೇಶದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ದೊರೆತ ಮೇಲೆ ಹತ್ತಿಯ ಬೀಜ ಪೂರ್ಣವಾಗಿ ಅಂಗಡಿಯ ಪೊಟ್ಟಣಕ್ಕೆ ವರ್ಗವಾಯಿತು.

ಎರಡನೆಯ ಬದಲಾವಣೆ ನೀರಿನದು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟು 1970ರ ದಶಕದಲ್ಲಿ ಕಾಲುವೆಗೆ ನೀರು ಹರಿಸಿತು. ಕಾಲುವೆ ತಲುಪದ ಕಡೆ ಕೊಳವೆ ಬಾವಿಗಳು ಬಂದವು. ಆ ನೀರಿನೊಡನೆ ಕಬ್ಬೂ ಬಂದು, ಎಂ. ಕೆ. ಹುಬ್ಬಳ್ಳಿಯ ಸಹಕಾರಿ ಸಕ್ಕರೆ ಕಾರ್ಖಾನೆ ಮತ್ತು ಆಮೇಲೆ ಮುನವಳ್ಳಿಯಲ್ಲಿ ಆರಂಭವಾದ ಖಾಸಗಿ ಕಾರ್ಖಾನೆಗಳಿಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳ ಸಾಲು ದೀಪಾವಳಿಯ ರಸ್ತೆಗಳ ಸಾಮಾನ್ಯ ನೋಟವಾಯಿತು. ವರ್ಷಪೂರ್ತಿ ಹೊಲವನ್ನು ಆವರಿಸಿ ನಿಲ್ಲುವ ಕಬ್ಬಿಗೆ ಉತ್ತರಿಯೂ ಇಲ್ಲ, ಸ್ವಾತಿಯೂ ಇಲ್ಲ. ಅದರ ನಡುವೆ ಚರಗ ಚೆಲ್ಲುತ್ತ ಸುತ್ತು ಬರಲು ದಾರಿಯೂ ಉಳಿಯುವುದಿಲ್ಲ.

ಮೂರನೆಯ ಬದಲಾವಣೆ ಸೋಯಾಅವರೆಯದು. ಶರತ್ಕಾಲವನ್ನು ಅತ್ಯಂತ ಆಳವಾಗಿ ತಿರುಗಿಸಿದ್ದು ಇದೇ. 1994ರಲ್ಲಿ ಬಿಡುಗಡೆಯಾದ ಜೆಎಸ್-335ರಂಥ ತಳಿಗಳು ಸುಮಾರು ನೂರು ದಿನಗಳಲ್ಲಿ ಕೊಯ್ಲಿಗೆ ಬರುವುದರಿಂದ, ಜೂನಿನಲ್ಲಿ ಬಿತ್ತಿದ ಬೆಳೆ ಸೆಪ್ಟೆಂಬರ್ ಕೊನೆಗೆ ಒಣಗಿ ನಿಲ್ಲುತ್ತದೆ. ಹಿಂದೆ ಬಿತ್ತನೆಗೆಂದು ಬಯಸುತ್ತಿದ್ದ ಹಸ್ತದ ಮಳೆಯನ್ನು ಈಗ ಕೊಯ್ದಿಟ್ಟ ಸೋಯಾ ಕೆಡಿಸುವ ಮಳೆಯೆಂದು ಹೆದರಬೇಕಾಗಿದೆ. ರಾಶಿ ಯಂತ್ರ ಒಂದೆರಡು ದಿನಗಳಲ್ಲಿ ಕೆಲಸ ಮುಗಿಸಿ ಕಾಳನ್ನು ನೇರವಾಗಿ ಮಾರುಕಟ್ಟೆಗೆ ಕಳುಹಿಸುವುದರಿಂದ ಕಣವೂ ಬೇಡ, ಕಣದ ನಡುವೆ ನೆಟ್ಟ ಮೇಟಿಕಂಬದ ಸುತ್ತ ಎತ್ತು ತುಳಿಸುವ ಹಂತಿಯೂ ಬೇಡ, ಹಗೇವೂ ಬೇಡ. ಹುಣ್ಣಿಮೆ ಚಂದ್ರನ ಲೆಕ್ಕದಂತೆ ಬರುತ್ತದೆ, ಬೆಳೆ ತಳಿಯ ಲೆಕ್ಕದಂತೆ ಬರುತ್ತದೆ. ಈ ಎರಡರ ಹೊಂದಾಣಿಕೆ ತಪ್ಪಿದ ಫಲವಾಗಿ ಶೀಗಿ ಹುಣ್ಣಿಮೆಯಂದು ಬಸುರಿಯೆಂದು ಉಣಿಸಬೇಕಾದ ಎಷ್ಟೋ ಹೊಲಗಳು ಆಗಲೇ ಖಾಲಿಯಾಗಿರುತ್ತವೆ. ಆಚರಣೆಯನ್ನು ಬಿಡದ ಮನೆಗಳು ಬದುವಿನ ತೊಗರಿ ಸಾಲಿಗೋ, ಆಗಷ್ಟೇ ಮೊಳೆತ ಕಡಲೆಗೋ ಚರಗ ಚೆಲ್ಲಿ ಬರುತ್ತವೆ.

ಬೆಳೆಯೊಡನೆ ಊರಿನ ಕಸುಬುಗಳೂ ಬದಲಾದವು. ಉತ್ತರಿ ಮಳೆಗೆ ಮುನ್ನ ಕೂರಿಗೆಯ ತಾಳು, ಕುಂಟೆಯ ಕುಡ ಸರಿಪಡಿಸಲು ಬಡಿಗ ಮತ್ತು ಕಮ್ಮಾರರ ಮನೆಗಳ ಮುಂದೆ ನೆರೆಯುತ್ತಿದ್ದ ಜನ, ರಾಶಿಯ ಹೊತ್ತಿಗೆ ಅವರಿಗೆ ಕಾಳಿನ ರೂಪದಲ್ಲಿ ಕೊಡುತ್ತಿದ್ದ ಪಾಲಾದ ಆಯ, ಇವೆರಡೂ ಎತ್ತುಗಳು ಕಡಿಮೆಯಾದಂತೆ ನಿಂತುಹೋದವು. ವೆಲ್ಡಿಂಗ್ ಅಂಗಡಿಯಲ್ಲಿ ನಗದು ಕೊಟ್ಟು ಮಾಡಿಸುವ ಕೆಲಸ ಚುರುಕಾದದ್ದು ನಿಜ. ಆದರೆ ವರ್ಷವಿಡೀ ಎರಡು ಮನೆಗಳನ್ನು ಕಟ್ಟಿಹಾಕುತ್ತಿದ್ದ ಕೊಡುಕೊಳ್ಳುವಿಕೆ ಅದರಲ್ಲಿಲ್ಲ.

ಹಳೆಯದನ್ನೆಲ್ಲ ಚಿನ್ನವೆಂದು ಬಗೆಯುವುದು ಸತ್ಯಕ್ಕೆ ಅಪಚಾರ. ಮಳೆ ಕೈಕೊಟ್ಟ ವರ್ಷಗಳಲ್ಲಿ ಹಗೇವು ಬರಿದಾಗುತ್ತಿತ್ತು. ಹೊಲದ ಕೆಲಸಕ್ಕೆಂದು ಶಾಲೆ ತಪ್ಪಿಸಿದ ಮಕ್ಕಳಲ್ಲಿ ಅನೇಕರು, ಅದರಲ್ಲಿಯೂ ಹುಡುಗಿಯರು, ಮತ್ತೆ ಶಾಲೆಗೆ ಹೋಗಲಿಲ್ಲ. ಹಕ್ಕಲು ಆಯುವ ಮಗುವಿನ ಸಂಭ್ರಮದ ಹಿಂದೆ ಹೊಲವಿಲ್ಲದ ಮನೆಯ ಹಸಿವು ಇತ್ತು. ಆಯದ ವ್ಯವಸ್ಥೆ ಬಾಂಧವ್ಯದ ಜೊತೆಗೆ ಜಾತಿಯ ಕಟ್ಟನ್ನೂ ಹೊತ್ತಿತ್ತು. ಇಂದು ಅದೇ ಓಣಿಗಳಿಂದ ಹೆಣ್ಣುಮಕ್ಕಳು ಬಸ್ಸಿನಲ್ಲಿ ಬೈಲಹೊಂಗಲದ ಕಾಲೇಜಿಗೆ ಹೋಗುತ್ತಿರುವುದು ಯಾವ ಹಬ್ಬದ ನೆನಪಿಗಿಂತಲೂ ದೊಡ್ಡ ಗಳಿಕೆ. 1824ರ ಅಕ್ಟೋಬರ್ 23ರಂದು ಬ್ರಿಟಿಷರ ವಿರುದ್ಧ ಕಿತ್ತೂರು ಗಳಿಸಿದ ವಿಜಯದ ನೆನಪಿಗೆ ಪ್ರತಿ ವರ್ಷ ನಡೆಯುವ ಕಿತ್ತೂರು ಉತ್ಸವ ಈ ಸೀಮೆಯ ಮಕ್ಕಳಿಗೆ ತಮ್ಮ ಇತಿಹಾಸದ ಹೆಮ್ಮೆಯನ್ನು ಕೊಟ್ಟಿರುವ ಹೊಸ ಶರತ್ಕಾಲದ ಹಬ್ಬವಾಗಿದೆ.

ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಹಿಂದಿನ ಹಬ್ಬಗಳಲ್ಲಿ ಮಕ್ಕಳಿಲ್ಲದೆ ಕೆಲಸ ಸಾಗುತ್ತಿರಲಿಲ್ಲ: ಹೂ ತರುವವರು, ನೀರು ಹಾಕುವವರು, ಬನ್ನಿ ಕೊಡುವವರು ಅವರೇ. ಇಂದಿನ ಹಬ್ಬಗಳಲ್ಲಿ ಮಗು ಬಹುಪಾಲು ನೋಡುವವರ ಸಾಲಿನಲ್ಲಿದೆ. ದುಡಿಮೆಯ ಕಷ್ಟದಿಂದ ಮಕ್ಕಳನ್ನು ಬಿಡಿಸಿದ್ದು ನ್ಯಾಯ; ಅದರ ಜೊತೆಗೇ ತಿಳಿವಳಿಕೆಯಿಂದಲೂ ಅವರನ್ನು ಬಿಡಿಸಿದ್ದು ನಷ್ಟ. ಎರೆಯೇನು, ಮಸಾರಿಯೇನು, ಯಾವ ಮಳೆಗೆ ಯಾವ ಬೀಜ, ಯಾವ ಬದುವಿನಲ್ಲಿ ಉತ್ತರಾಣಿ ಎಂಬುದನ್ನು ಅರಿಯದ ತಲೆಮಾರು ಆ ಹೊಲಗಳಿಗೆ ಒಡೆಯರಾದಾಗ, ಅವುಗಳನ್ನು ಮಾರುವ ದರದಿಂದ ಮಾತ್ರ ಅಳೆಯುವ ಅಪಾಯವಿದೆ.

ಈ ನಷ್ಟವನ್ನು ತುಂಬಲು ಹಳೆಯ ಬೆಳೆಗಳಿಗೆ ಪೂರ್ತಿಯಾಗಿ ಮರಳಬೇಕಾಗಿಲ್ಲ. ಶೀಗಿ ಹುಣ್ಣಿಮೆಯಂದು ಶಾಲೆಯ ಮಕ್ಕಳು ಹಿರಿಯ ರೈತರೊಡನೆ ಊರಿನ ಒಂದು ಹೊಲವನ್ನು ಸುತ್ತಿ ಬಂದು, ಆ ವರ್ಷ ಯಾವ ಮಳೆ ಎಷ್ಟು ಬಂತು, ಏನು ಬೆಳೆಯಿತು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಬಹುದು. ಬೀಜ ಕಾದಿಡುವ ವಿದ್ಯೆಯನ್ನು ಬಲ್ಲ ಮುದುಕಿಯರ ಮಾತನ್ನು ಅದೇ ವಹಿಗೆ ಸೇರಿಸಬಹುದು. ಸೋಯಾ ಕೊಯ್ದ ಹೊಲದ ಒಂದು ಮೂಲೆಯಲ್ಲಾದರೂ ಹಸ್ತದ ಹಸಿಗೆ ಬಿಳಿಜೋಳ ಬಿತ್ತಿ, ಅದರ ಅಕ್ಕಡಿ ಸಾಲನ್ನು ಮಕ್ಕಳಿಗೆ ಒಪ್ಪಿಸಬಹುದು. ಮುರಗೋಡದಲ್ಲಿ ಈ ಕೆಲಸ ತಿಳಿದವರು ಇನ್ನೂ ಇದ್ದಾರೆ, ಆದರೆ ಅವರೆಲ್ಲ ಅರವತ್ತು ದಾಟಿದವರು. ಆದ್ದರಿಂದ ಈ ವಹಿಯನ್ನು ಆರಂಭಿಸಬೇಕಾದದ್ದು ಬರುವ ಹಿಂಗಾರಿನಲ್ಲಿಯೇ.